ಮನೆಗೆ ಬಂದ ಹಾವು ಊಟ ಮುಟ್ಟದಿದ್ದರೆ: ಮಾದಾಪುರದ ಫ್ಲಾಟಿನಿಂದ 64 ದಿನದ ಲೆಕ್ಕ

ಇವತ್ತಿನ ಮಾತು ಹಾವಿನ ಊಟದ ಬಗ್ಗೆ. ವಿಷಯ ಕೇಳಿದ ಕೂಡಲೇ ಕೆಲವರು ಮುಖ ಕಿವುಚಿರ್ತೀರಿ, ಗೊತ್ತು. ಆದರೆ ಹೈದರಾಬಾದ್, ಬೆಂಗಳೂರು, ಪುಣೆಯ ಫ್ಲಾಟುಗಳಲ್ಲಿ ಇತ್ತೀಚೆಗೆ ಬಾಲ್ ಪೈಥಾನ್ ಸಾಕುವವರು ಕಡಿಮೆಯೇನಿಲ್ಲ. ಅದರಲ್ಲೂ ನಮ್ಮ ಐಟಿಯವರು. ನಾಯಿ ಸಾಕೋಣ ಅಂದ್ರೆ ಓನರ್ ಬಿಡಲ್ಲ, ದಿನಕ್ಕೆರಡು ಸಲ ಕೆಳಗೆ ಕರ್ಕೊಂಡು ಹೋಗೋಕೆ ಟೈಮ್ ಇಲ್ಲ. ಹಾವು ಕೂಗಲ್ಲ, ಕೂದಲು ಉದುರಿಸಲ್ಲ, ವಾರಕ್ಕೋ ಎರಡು ವಾರಕ್ಕೋ ಒಂದು ಸಲ ತಿನ್ನುತ್ತೆ. ಕಾಗದದ ಮೇಲೆ ಬಹಳ ಸುಲಭ.

ಆಮೇಲೆ ಹಾವು ಮನೆಗೆ ಬರುತ್ತೆ, ಊಟ ಇಟ್ಟರೆ ಮೂಸಿಯೂ ನೋಡಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ನಿದ್ದೆ ಹಾರಿಹೋಗೋದು ಆಗಲೇ. ನಮ್ಮ ಮನೆಯಲ್ಲಿ ಇದು 64 ದಿನ ನಡೀತು. ಆ ಲೆಕ್ಕವನ್ನೂ, ಅದರ ಹಿಂದಿನ ವಿಜ್ಞಾನವನ್ನೂ ಸಾಧ್ಯವಾದಷ್ಟು ಬಿಡಿಸಿ ಹೇಳ್ತೀನಿ.

ಮೊದಲು ಕಾನೂನಿನ ಎರಡು ಮಾತು

ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಸಾಕೋ ಹಾಗಿಲ್ಲ. ನಾಗರ, ಕೇರೆ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. "ಎರಡು ತಲೆ ಹಾವು" ಅಂತ ಅದೃಷ್ಟದ ಹೆಸರಲ್ಲಿ ಲಕ್ಷಗಟ್ಟಲೆ ರೇಟು ಹೇಳ್ತಾರಲ್ಲ, ಆ ಮಣ್ಣುಮುಕ್ಕ ಹಾವೂ ಅಷ್ಟೇ. ಅದನ್ನು ಮಾರುವವರನ್ನು ಕರ್ನಾಟಕದಲ್ಲೂ ಇಲ್ಲೂ ಪೊಲೀಸರು ಹಿಡಿಯುತ್ತಲೇ ಇರ್ತಾರೆ. ಯಾರಾದ್ರೂ "ಊರಿಂದ ಒಂದು ಮರಿ ತಂದುಕೊಡ್ತೀನಿ" ಅಂದ್ರೆ ಕೈ ಮುಗಿದು ಬೇಡ ಅನ್ನಿ.

ಬಾಲ್ ಪೈಥಾನ್ ನಮ್ಮ ದೇಶದ್ದಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಜಗತ್ತಿಗೆಲ್ಲ ಹೋಗುತ್ತೆ. ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಇಂಥ ಪ್ರಾಣಿಗಳನ್ನು ನಮ್ಮ ಕಾಯ್ದೆಯೊಳಗೆ ತಂತು, ಅದು 2023ರ ಏಪ್ರಿಲ್ 1ರಿಂದ ಜಾರಿಯಾಯ್ತು. 2024ರ ಫೆಬ್ರವರಿ 28ರಂದು ನಿಯಮಗಳೂ ಬಂದವು. ಅದರ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಹೊಸದಾಗಿ ಕೈಗೆ ಬಂದರೆ 30 ದಿನದೊಳಗೆ. ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಅದಕ್ಕೂ ಅರ್ಜಿ, ಸತ್ತರೂ ವರದಿ. ಕಾಗದ ಕೊಡದೆ ಬರೀ ಹಾವು ಕೊಡುವವರಿಂದ ತಗೋಬೇಡಿ.

ನನ್ನ ಹಾವು ನನಗೆ ಬಂದದ್ದೂ ಹೀಗೆ ಕಾಗದದ ಜೊತೆಗೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ಹೊರದೇಶದಲ್ಲಿ ಕೆಲಸ ಸಿಕ್ತು. ನಾಲ್ಕು ವರ್ಷದ ಹೆಣ್ಣು ಬಾಲ್ ಪೈಥಾನ್, ಅವನ ಹೆಸರಿನಲ್ಲಿ ನೋಂದಣಿ ಆಗಿತ್ತು. ಅದನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಂಡು 2024ರ ನವೆಂಬರ್ 16, ಶನಿವಾರ ಮನೆಗೆ ತಂದೆ. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ, ಬಾಲ್ ಅನ್ನೋ ಹೆಸರು ಬಂದದ್ದೇ ಅದರಿಂದ. ನಾವು ಕನ್ನಡದಲ್ಲಿ "ಉಂಡೆ" ಅಂತ ಕರೆದೆವು. ರಾಯಚೂರಿಂದ ಬಂದಿದ್ದ ಅಮ್ಮ ಮೂರನೇ ವಾರಕ್ಕೆ ಹೇಳಿದ್ಲು: "ಉಂಡೆ ಅಂತ ಹೆಸರಿಟ್ಟೀಯಲ್ಲೋ, ಒಂದ್ ದಿನಾನೂ ಉಂಡೆ ಅನ್ನವಲ್ದಲ್ಲ ಇದು."

ಹಸಿವು ಅನ್ನೋದು ಹಾವಿಗೆ ಬೇರೆ ಥರ

ನಾವು ತಿಂದಿದ್ದರಲ್ಲಿ ಬಹುಪಾಲು ಮೈ ಬಿಸಿಯಾಗಿ ಇಟ್ಟುಕೊಳ್ಳೋಕೇ ಖರ್ಚಾಗುತ್ತೆ. ಹಾವಿಗೆ ಆ ಖರ್ಚಿಲ್ಲ, ಅದು ಬಿಸಿಯನ್ನು ಹೊರಗಿಂದ ತಗೊಳ್ಳುತ್ತೆ. ಹಾಗಾಗಿ ಒಂದು ಊಟದಲ್ಲಿ ವಾರಗಟ್ಟಲೆ ಕಳೆಯಬಲ್ಲದು. ದೊಡ್ಡ ಬಾಲ್ ಪೈಥಾನ್‌ಗಳು ತಿಂಗಳುಗಟ್ಟಲೆ ಊಟ ಬಿಡೋದು ಕಾಡಿನಲ್ಲೂ ಉಂಟು, ಮನೆಯಲ್ಲೂ ಉಂಟು. ಅದರಲ್ಲೂ ನವೆಂಬರ್‌ನಿಂದ ಮಾರ್ಚ್‌ವರೆಗಿನ ತಂಪು ತಿಂಗಳುಗಳಲ್ಲಿ. ಅದು ಅವುಗಳ ಸಂತಾನದ ಕಾಲವೂ ಹೌದು.

ಇನ್ನೊಂದು ಸೋಜಿಗ ಇದೆ. ಸ್ಟೀಫನ್ ಸೆಕೋರ್ ಮತ್ತು ಜಾರೆಡ್ ಡೈಮಂಡ್ ಅನ್ನೋ ವಿಜ್ಞಾನಿಗಳು ಬರ್ಮೀಸ್ ಹೆಬ್ಬಾವಿನ ಮೇಲೆ ಮಾಡಿದ ಕೆಲಸ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಹಸಿದಿರುವ ಹೆಬ್ಬಾವು ತನ್ನ ಕರುಳನ್ನೇ ಸಣ್ಣದು ಮಾಡಿಕೊಂಡಿರುತ್ತೆ. ಹೊಟ್ಟೆಯಲ್ಲಿ ಆಮ್ಲವೂ ಇರಲ್ಲ. ಊಟ ಒಳಗೆ ಹೋದ ಮೇಲೆ ಒಂದೆರಡು ದಿನದಲ್ಲಿ ಸಣ್ಣಕರುಳಿನ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ದೊಡ್ಡ ಊಟವಾದರೆ ಮೈಯ ಚಯಾಪಚಯದ ವೇಗ ನಲವತ್ತು ಪಟ್ಟಿನವರೆಗೂ ಏರಬಹುದು. 2005ರ ಇನ್ನೊಂದು ಅಧ್ಯಯನದಲ್ಲಿ ಹೃದಯದ ಸ್ನಾಯುವೇ 48 ಗಂಟೆಯಲ್ಲಿ ಶೇ. 40ರಷ್ಟು ಬೆಳೆದದ್ದು ಕಂಡಿತು. ಬಳಕೆ ಇಲ್ಲದಾಗ ಸರ್ವರ್‌ಗಳನ್ನು ಆರಿಸಿಟ್ಟು, ಟ್ರಾಫಿಕ್ ಬಂದಾಗ ಏರಿಸ್ತೀವಲ್ಲ, ಅದೇ ಏರ್ಪಾಡು.

ಇದರಿಂದ ನಮಗೆ ತಿಳಿಯಬೇಕಾದ್ದು ಎರಡು. ಒಂದು, ಹಾವು ಊಟ ಬಿಟ್ಟ ಮಾತ್ರಕ್ಕೆ ಸಾಯ್ತಾ ಇದೆ ಅಂತಲ್ಲ. ಎರಡು, ಊಟ ಮಾಡೋದು ಹಾವಿಗೆ ದೊಡ್ಡ ಬಂಡವಾಳ ಹೂಡಿದ ಹಾಗೆ. ನುಂಗಿ ಹೊಟ್ಟೆ ಭಾರವಾದ ಹಾವು ಓಡಲಾರದು, ಮೈಯಲ್ಲಿ ಬಿಸಿ ಸಾಲದಿದ್ದರೆ ಅರಗಿಸಲಾರದು. ಸುತ್ತಲಿನ ಜಾಗ ಸುರಕ್ಷಿತ, ಬೆಚ್ಚಗಿದೆ ಅಂತ ಅನ್ನಿಸದೆ ಅದು ಆ ಬಂಡವಾಳ ಹೂಡಲ್ಲ. ಹೊಸ ಮನೆಗೆ ಬಂದ ಹಾವು ಊಟ ಬಿಡೋದಕ್ಕೆ ಮುಖ್ಯ ಕಾರಣ ಇದೇ.

ಮೊದಲ ಹತ್ತು ದಿನ: ಏನೂ ಮಾಡಬೇಡಿ

ತಂದ ದಿನವೇ ಊಟ ಇಡಬಾರದು. ಕನಿಷ್ಠ ಒಂದು ವಾರ ಬಿಡಿ, ನಾನು ಹನ್ನೊಂದು ದಿನ ಬಿಟ್ಟೆ. ನೀರಿನ ಬಟ್ಟಲು ಬದಲಾಯಿಸೋದು ಬಿಟ್ಟರೆ ಕೈ ಹಾಕೋದಿಲ್ಲ, ಎತ್ತೋದಿಲ್ಲ, ಗೆಳೆಯರಿಗೆ ತೋರಿಸೋದಿಲ್ಲ, ವಿಡಿಯೋ ಕಾಲಿನಲ್ಲಿ ಪ್ರದರ್ಶನ ಇಲ್ಲ. ಹೊಸಬರಿಗೆ ಇದೇ ಅತಿ ಕಷ್ಟದ ಕೆಲಸ. ದುಡ್ಡು ಕೊಟ್ಟು ತಂದಿರ್ತೀವಿ, ಮುಟ್ಟಬೇಕು ಅನ್ನಿಸುತ್ತೆ. ಮುಟ್ಟಿದಷ್ಟೂ ಊಟ ಹಿಂದೆ ಹೋಗುತ್ತೆ.

ಈ ಸಮಯದಲ್ಲಿ ಮಾಡಬೇಕಾದ್ದು ಅಳತೆ. ತಂದ ದಿನ ತೂಕ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದನ್ನು ಮತ್ತೆ ಅಡುಗೆಮನೆಗೆ ತರಬೇಡಿ. ಉಂಡೆಯ ತೂಕ ಆವತ್ತು 1180 ಗ್ರಾಂ. ಇದರ ಶೇ. 10 ಅಂದ್ರೆ 118 ಗ್ರಾಂ. ತೂಕ 1062ಕ್ಕೆ ಇಳಿದರೆ ಕಾಯೋದು ನಿಲ್ಲಿಸಿ ಡಾಕ್ಟರ ಹತ್ರ ಹೋಗಬೇಕು ಅಂತ ಗೋಡೆಯ ಕ್ಯಾಲೆಂಡರಿನ ಮೇಲೇ ಬರೆದಿಟ್ಟೆ. ಭಯ ಬಂದಾಗ ನೋಡೋಕೆ ಒಂದು ಸಂಖ್ಯೆ ಬೇಕು. ಇಲ್ಲದಿದ್ದರೆ ದಿನಾ ಹಾವಿನ ಬೆನ್ನು ನೋಡಿ "ಸೊರಗಿದೆ, ಸೊರಗಿಲ್ಲ" ಅಂತ ಮನೆಯಲ್ಲಿ ಜಗಳವೇ ಆಗುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ನವೆಂಬರ್ 27ರ ಸಂಜೆ ಮೊದಲ ಸಲ ಊಟ ಇಟ್ಟೆ. ಸತ್ತು, ಫ್ರೀಜರಿನಲ್ಲಿದ್ದು, ಕರಗಿಸಿ ಬಿಸಿ ಮಾಡಿದ ಇಲಿ. ಉಂಡೆ ನಾಲಿಗೆ ಎರಡು ಸಲ ಆಡಿಸಿ ಹಿಂದೆ ಸರಿದಳು. ಇಲ್ಲಿಂದ ಮುಂದೆ ನಾನು ಆಫೀಸಿನ ಪದ್ಧತಿಯನ್ನೇ ಹಿಡಿದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡ್ತು ಅಂತ ತಿಳಿಯಲ್ಲ, ಜೊತೆಗೆ ಹಾವಿಗೂ ದಿನಾ ಹೊಸ ಮನೆ ಆಗುತ್ತೆ. ಹತ್ತು ದಿನಕ್ಕೊಂದು ಪ್ರಯತ್ನ, ಎರಡು ಪ್ರಯತ್ನದ ನಡುವೆ ಒಂದೇ ಬದಲಾವಣೆ.

ಮೊದಲನೆಯದು ಶಾಖ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಕಡೆ 31ರಿಂದ 33 ಡಿಗ್ರಿ, ಇನ್ನೊಂದು ಕಡೆ 25ರಿಂದ 27 ಡಿಗ್ರಿ ಬೇಕು. ಬಿಸಿ ಬೇಕಾದಾಗ ಅಲ್ಲಿಗೆ, ಸಾಕಾದಾಗ ಇಲ್ಲಿಗೆ ಅದೇ ಹೋಗುತ್ತೆ. ಹೈದರಾಬಾದ್ ಅಂದ್ರೆ ಬಿಸಿ ಊರು, ಇಲ್ಲಿ ಹೀಟರ್ ಯಾಕೆ ಅಂತ ಅನ್ನಿಸುತ್ತೆ. ಡಿಸೆಂಬರ್ ರಾತ್ರಿ ಹೊರಗೆ 14-15 ಡಿಗ್ರಿಗೆ ಇಳಿಯೋ ಊರು ಇದು. ಮಾದಾಪುರದಲ್ಲಿ ನಮ್ಮದು ಆರನೇ ಮಹಡಿ, ದುರ್ಗಂ ಚೆರುವಿನ ಕಡೆಯಿಂದ ಗಾಳಿ. ಬೆಳಗಿನ ಜಾವ ಅಳೆದಾಗ ತಂಪು ಕಡೆ 21 ತೋರಿಸ್ತು. ಕೆಳಗಿನ ಹೀಟ್ ಮ್ಯಾಟಿನ ಜೊತೆಗೆ ಮೇಲೊಂದು ಸೆರಾಮಿಕ್ ಹೀಟರ್ ಹಾಕಿ, ಎರಡನ್ನೂ ಥರ್ಮೋಸ್ಟಾಟಿಗೆ ಜೋಡಿಸಿದೆ. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಲೇಬೇಡಿ. ಹಾವಿನ ಹೊಟ್ಟೆ ಸುಟ್ಟರೂ ಅದು ಜಾಗ ಬಿಟ್ಟು ಏಳದೆ ಇರಬಹುದು. ಎಸಿ ಹಾಕುವ ಕೋಣೆಯಲ್ಲೂ ಪೆಟ್ಟಿಗೆ ಬೇಡ. ಡಿಸೆಂಬರ್ 7, ಎರಡನೇ ಪ್ರಯತ್ನ. ಇಲ್ಲ.

ಎರಡನೆಯದು ಅಡಗುವ ಜಾಗ. ಈ ಹಾವು ಆಫ್ರಿಕಾದಲ್ಲಿ ಹಗಲೆಲ್ಲ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತೆ. ನಮಗೆ ಗಾಜಿನ ಪೆಟ್ಟಿಗೆ ಚೆಂದ, ಅದಕ್ಕೆ ನಾಲ್ಕು ಕಡೆಯೂ ಬಯಲು. ಮೂರು ಕಡೆ ಕಪ್ಪು ರಟ್ಟು ಹಚ್ಚಿದೆ. ಬಿಸಿ ಕಡೆ ಒಂದು, ತಂಪು ಕಡೆ ಒಂದು, ಹೀಗೆ ಎರಡು ಗೂಡು ಬೇಕು. ಒಂದೇ ಇದ್ದರೆ ಹಾವು ಬಿಸಿ ಬಿಟ್ಟಾದರೂ ಬಚ್ಚಿಟ್ಟುಕೊಳ್ಳುತ್ತೆ ಅಥವಾ ಬಚ್ಚಿಟ್ಟುಕೊಳ್ಳೋದು ಬಿಟ್ಟಾದರೂ ಬಿಸಿಗೆ ಬರುತ್ತೆ, ಎರಡರಲ್ಲೂ ಅದಕ್ಕೆ ನಷ್ಟ. ಗೂಡು ದೊಡ್ಡದಿರಬಾರದು, ಸುತ್ತಿಕೊಂಡಾಗ ಮೈ ಗೋಡೆಗೆ ತಾಗಬೇಕು. ಅಂಗಡಿಯ ಬಣ್ಣದ ಗುಹೆಯೇ ಬೇಕಂತಿಲ್ಲ. ಒಂದು ಕಡೆ ತೂತು ಕೊಯ್ದು, ಅಂಚು ನುಣುಪು ಮಾಡಿದ ಪ್ಲಾಸ್ಟಿಕ್ ಬೋಗುಣಿ ಮಗುಚಿಟ್ಟರೆ ಆಯ್ತು.

ಮೂರನೆಯದು ಹೊತ್ತು. ಬಾಲ್ ಪೈಥಾನ್ ರಾತ್ರಿ ಹೊಂಚು ಹಾಕುವ ಹಾವು, ಬೆನ್ನಟ್ಟಿ ಹಿಡಿಯುವುದಲ್ಲ. ಸಂಜೆ ಏಳೂವರೆಗೆ ಟಿವಿ ಓಡ್ತಾ, ಕುಕ್ಕರ್ ಕೂಗ್ತಾ ಇರೋ ಮನೆಯಲ್ಲಿ ಇಡೋದಕ್ಕಿಂತ ರಾತ್ರಿ ಹತ್ತಕ್ಕೆ ಲೈಟು ಆರಿಸಿ ಇಡೋದು ಮೇಲು. ಡಿಸೆಂಬರ್ 17ರಂದು ಹಾಗೇ ಮಾಡಿದೆ. ಈ ಸಲ ತಲೆ ಗೂಡಿನಿಂದ ಹೊರಗೆ ಬಂತು, ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಿಸಿಕೊಂಡಳು. ಹೊಡೆಯುವ ಭಂಗಿ ಅದು. ಹತ್ತು ನಿಮಿಷ ಹಾಗೇ ಇದ್ದು ಒಳಗೆ ಹೋದಳು. ಊಟ ಇಲ್ಲ, ಆದರೆ ಆಸಕ್ತಿ ಬಂದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ.

ಡಿಸೆಂಬರ್ 22ರ ಹೊತ್ತಿಗೆ ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿತು. ಪೊರೆ ಬಿಡುವ ಸೂಚನೆ. ಆಗ ಹಾವಿಗೆ ಕಣ್ಣು ಮಂಜು, ಮೈ ಬಿಗಿ, ಸಿಡುಕು ಜಾಸ್ತಿ. ಊಟ ಇಡಬಾರದು. ಪೆಟ್ಟಿಗೆಯೊಳಗಿನ ತೇವ ಸಾಧಾರಣವಾಗಿ ಶೇ. 50-60 ಇದ್ದರೆ ಸಾಕು, ಪೊರೆ ಕಾಲದಲ್ಲಿ 65-70ಕ್ಕೆ ಏರಿಸಬೇಕು. ಒದ್ದೆ ಪಾಚಿ ತುಂಬಿದ ಡಬ್ಬಿ ಒಂದನ್ನು ಒಳಗಿಟ್ಟೆ. ಜನವರಿ 3ಕ್ಕೆ ತಲೆಯಿಂದ ಬಾಲದ ತುದಿಯವರೆಗೆ ಒಂದೇ ತುಂಡಿನ ಪೊರೆ ಬಿಟ್ಟಳು. ಒಂದೇ ತುಂಡು ಅಂದ್ರೆ ತೇವ ಸರಿಯಿತ್ತು ಅಂತ. ಜನವರಿ 8ಕ್ಕೆ ಮತ್ತೆ ಇಲಿ ಇಟ್ಟೆ. ಇಲ್ಲ.

"ಇಲಿ" ಅನ್ನೋ ಒಂದು ಪದ

ಆ ಹೊತ್ತಿಗೆ ಶಾಖ, ಜಾಗ, ಹೊತ್ತು ಮೂರೂ ಮುಗಿದಿದ್ದವು. ಉಳಿದದ್ದು ಊಟವೇ. ಗೆಳೆಯ ಕೊಟ್ಟಿದ್ದ ಚೀಟಿಯಲ್ಲಿ "ಇಲಿ, 10 ದಿನಕ್ಕೊಂದ್ಸಲ" ಅಂತ ಇತ್ತು. ಅವನಿಗೆ ಫೋನ್ ಹಚ್ಚಿದೆ. ಹಳೆಯ ವಿಡಿಯೋ ಒಂದನ್ನು ಕಳಿಸಿದ. ಅದರಲ್ಲಿ ಉಂಡೆ ನುಂಗ್ತಾ ಇದ್ದದ್ದು ಬಿಳಿ ಸುಂಡಿಲಿ, ಒಂದಾದ ಮೇಲೊಂದು ಎರಡು. ನನ್ನ ಫ್ರೀಜರಿನಲ್ಲಿದ್ದದ್ದು ದೊಡ್ಡ ಜಾತಿಯ ಬಿಳಿ ಇಲಿ. ನಮ್ಮ ಮಾತಿನಲ್ಲಿ ಎರಡೂ ಇಲಿಯೇ. ತೆಲುಗಿನಲ್ಲೂ ಎರಡಕ್ಕೂ ಎಲುಕ ಅಂದುಬಿಡ್ತಾರೆ. ಇಂಗ್ಲಿಷಿನಲ್ಲಿ ಒಂದು ಮೌಸ್, ಒಂದು ರ‍್ಯಾಟ್. ಹಾವಿನ ಮೂಗಿಗೆ ಇವೆರಡೂ ಬೇರೆ ಬೇರೆ ಪ್ರಾಣಿ.

ಹಾವು ವಾಸನೆ ಹಿಡಿಯೋದು ಬರೀ ಮೂಗಿನಿಂದಲ್ಲ. ಸೀಳು ನಾಲಿಗೆ ಗಾಳಿಯಲ್ಲಿನ ಕಣಗಳನ್ನು ಎತ್ತಿಕೊಂಡು ಬಾಯಿಯ ಮೇಲ್ಭಾಗದ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತೆ. ಅದರ ಜೊತೆಗೆ ಬಾಲ್ ಪೈಥಾನ್‌ಗೆ ತುಟಿಯ ಮೇಲೆ ಶಾಖ ಅರಿಯುವ ಕುಳಿಗಳ ಸಾಲಿದೆ. ಕತ್ತಲಲ್ಲಿ ಬಿಸಿಯ ಆಕಾರವೇ ಅದಕ್ಕೆ ಬೇಟೆ. ಅಂದ್ರೆ ಊಟ ಅನ್ನಿಸಬೇಕಾದರೆ ಪರಿಚಯದ ವಾಸನೆ ಇರಬೇಕು, ಸರಿಯಾದ ಬಿಸಿಯೂ ಇರಬೇಕು. ಚಿಕ್ಕಂದಿನಿಂದ ಒಂದೇ ಬಗೆ ತಿಂದು ಬೆಳೆದ ಬಾಲ್ ಪೈಥಾನ್ ಬೇರೆಯದನ್ನು ಊಟವೆಂದೇ ಗುರುತಿಸದೆ ಇರಬಹುದು.

ಈ ಹಟದ ದೊಡ್ಡ ಉದಾಹರಣೆ ನಮ್ಮ ಮಲೆನಾಡಿನಲ್ಲೇ ಇದೆ. ಕಾಳಿಂಗ ಸರ್ಪದ ಊಟ ಹೆಚ್ಚಾಗಿ ಬೇರೆ ಹಾವುಗಳೇ. ಕೇರೆ, ನಾಗರ ಇಂಥವು. ರೋಮ್ಯುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಡಿನಲ್ಲಿ ಕಾಳಿಂಗಗಳ ಹಿಂದೆ ಬಿದ್ದು ಅಧ್ಯಯನ ಮಾಡಿದ್ದಾರೆ. ಇಂಥ ಹಾವನ್ನು ಸೆರೆಯಲ್ಲಿ ಇಟ್ಟು ಇಲಿ ತಿನ್ನು ಅಂದ್ರೆ ತಿನ್ನಲ್ಲ. ಇಲಿಗೆ ಹಾವಿನ ವಾಸನೆ ಹಚ್ಚಿ ಮೆಲ್ಲಗೆ ಒಗ್ಗಿಸಬೇಕು. ನಮ್ಮ ಮನೆಯ ಸಮಸ್ಯೆ ಅದರ ಪುಟ್ಟ ರೂಪ.

ಜನವರಿ 19, ಭಾನುವಾರ, ರಾತ್ರಿ ಹತ್ತು. ಸಂಕ್ರಾಂತಿಗೆ ಊರಿಗೆ ಹೋದವರು ಇನ್ನೂ ಪೂರ್ತಿ ವಾಪಸ್ ಬಂದಿರಲಿಲ್ಲ, ಅಪಾರ್ಟ್‌ಮೆಂಟ್ ಮೌನವಾಗಿತ್ತು. ಬಿಸಿ ಮಾಡಿದ ಸುಂಡಿಲಿಯನ್ನು ಉದ್ದನೆಯ ಇಕ್ಕಳದಲ್ಲಿ ಬಾಲದ ಕಡೆ ಹಿಡಿದು, ಗೂಡಿನ ಬಾಯಿಂದ ಒಂದು ಗೇಣು ದೂರದಲ್ಲಿ ಸ್ವಲ್ಪ ಅಲುಗಿಸಿದೆ. ನಾಲಿಗೆ ಮೂರು ಸಲ ಬಂತು. ನಾಲ್ಕನೆಯದನ್ನು ನಾನು ನೋಡಲಿಲ್ಲ, ಅಷ್ಟರಲ್ಲಿ ಹೊಡೆದು ಸುತ್ತಿಕೊಂಡಾಗಿತ್ತು. ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಕೊಟ್ಟೆ, ಅದನ್ನೂ ತಿಂದಳು. ಆ ಬೆಳಿಗ್ಗೆಯ ತೂಕ 1121 ಗ್ರಾಂ. 64 ದಿನದಲ್ಲಿ ಇಳಿದದ್ದು 59 ಗ್ರಾಂ, ಅಂದ್ರೆ ಶೇ. 5.

ಸುಂಡಿಲಿಯೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಶಾಖ, ಗೂಡು, ಕತ್ತಲು ಸರಿಯಾಗಿರದೆ ಬರೀ ಸುಂಡಿಲಿ ಇಟ್ಟಿದ್ದರೆ ತಿನ್ನುತ್ತಿದ್ದಳೋ ಇಲ್ಲವೋ. ಆದರೆ ಡಿಸೆಂಬರ್ 17ರ ಆ ಎಸ್ ಆಕಾರ ನೋಡಿದ ಮೇಲೆ ಜಾಗದ ಬಗ್ಗೆ ಅವಳ ತಕರಾರು ಮುಗಿದಿತ್ತು, ಊಟದ ಬಗ್ಗೆ ಮಾತ್ರ ಉಳಿದಿತ್ತು ಅಂತ ನನ್ನ ಅಂದಾಜು. ಮುಂದಿನ ಎರಡು ಸಲ ಸುಂಡಿಲಿಯನ್ನೇ ಕೊಟ್ಟು, ಆಮೇಲೆ ಸುಂಡಿಲಿಯ ಜೊತೆ ಒಂದೇ ಚೀಲದಲ್ಲಿ ಕರಗಿಸಿದ ಚಿಕ್ಕ ಇಲಿ ಕೊಟ್ಟೆ. ಈಗ ಬರೀ ಇಲಿಯನ್ನೇ ತಿನ್ನುತ್ತಾಳೆ.

ಊಟ ಸಿದ್ಧ ಮಾಡೋ ಕ್ರಮ

ಇದು ಅನೇಕರಿಗೆ ಗೊಂದಲ ಇರೋ ಭಾಗ, ಹಾಗಾಗಿ ಸಾಲಾಗಿ ಹೇಳಿಬಿಡ್ತೀನಿ.

1. ಗಾತ್ರ: ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಅಥವಾ ಸ್ವಲ್ಪ ಕಡಿಮೆ. ಮರಿಗಳಿಗೆ ತಮ್ಮ ತೂಕದ ಶೇ. 10-15, ವಾರಕ್ಕೊಮ್ಮೆ. ಬೆಳೆದದ್ದಕ್ಕೆ ಶೇ. 5ರ ಸುಮಾರು, ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಹೊಸ ಹಾವಿಗೆ ಮೊದಲ ಊಟ ಇನ್ನೂ ಚಿಕ್ಕದಿರಲಿ.

2. ಜೀವಂತ ಇಲಿ ಬೇಡ. ಇಲಿಗೆ ಹಿಂಸೆ ಅನ್ನೋದು ಒಂದು. ಹಸಿವಿಲ್ಲದ ಹಾವಿನ ಜೊತೆ ಬಿಟ್ಟ ಇಲಿ ಹಾವನ್ನೇ ಕಡಿಯುತ್ತೆ ಅನ್ನೋದು ಇನ್ನೊಂದು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಹಾವಿನ ಬೆನ್ನೇ ಕಿತ್ತುಹೋಗಿರಬಹುದು. ಮನೆಯಲ್ಲಿ ಹಿಡಿದ ಇಲಿಯಂತೂ ಬೇಡವೇ ಬೇಡ. ಪರೋಪಜೀವಿಗಳೂ ಇಲಿ ಪಾಷಾಣವೂ ಒಟ್ಟಿಗೆ ಹಾವಿನ ಹೊಟ್ಟೆಗೆ ಹೋಗಬಹುದು.

3. ಕರಗಿಸೋದು: ಹಿಂದಿನ ರಾತ್ರಿ ಮುಚ್ಚಿದ ಜಿಪ್ ಚೀಲದಲ್ಲಿ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ. ಊಟಕ್ಕೆ ಮುಂಚೆ ಚೀಲದ ಸಮೇತ ಬಿಸಿನೀರಿನಲ್ಲಿ 10-15 ನಿಮಿಷ. ಮೈ 38-40 ಡಿಗ್ರಿ ಆಗಬೇಕು, ತಲೆ ಸ್ವಲ್ಪ ಹೆಚ್ಚು ಬಿಸಿಯಿದ್ದರೆ ಒಳ್ಳೇದು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಊಹೆ ಬೇಕಾಗಿಲ್ಲ. ಮೈಕ್ರೋವೇವಿನಲ್ಲಿ ಇಡಬೇಡಿ, ಹೊರಗೆ ತಣ್ಣಗೆ ಒಳಗೆ ಬೆಂದು ಒಡೆಯುತ್ತೆ.

4. ಇಕ್ಕಳ ಕನಿಷ್ಠ ಒಂದು ಅಡಿ ಉದ್ದವಿರಲಿ. ಬಿಸಿ ಹುಡುಕುವ ಹಾವಿಗೆ ನಿಮ್ಮ ಬೆರಳೂ ಒಂದು ಇಲಿಯೇ.

5. ತಿನ್ನದಿದ್ದರೆ ಗೂಡಿನ ಬಾಗಿಲಲ್ಲಿ ಇಟ್ಟು ಒಂದೆರಡು ಗಂಟೆ ಕೋಣೆ ಬಿಟ್ಟು ಹೋಗಿ. ಆಮೇಲೆ ಎಸೆದುಬಿಡಿ, ಮತ್ತೆ ಫ್ರೀಜರಿಗೆ ಬೇಡ. ಮುಂದಿನ ಪ್ರಯತ್ನ ಒಂದು ವಾರ-ಹತ್ತು ದಿನ ಬಿಟ್ಟು. ದಿನಾ ಇಟ್ಟು ಕಾಡಿದರೆ ಹಾವಿಗೆ ಇಕ್ಕಳ ಕಂಡರೇ ಹೆದರಿಕೆ ಆಗುತ್ತೆ.

6. ತಿಂದ ಮೇಲೆ ಎರಡು ದಿನ ಎತ್ತಬೇಡಿ. ಎತ್ತಿದರೆ ವಾಂತಿ ಮಾಡಬಹುದು. ವಾಂತಿ ಆದರೆ ಎರಡು ವಾರ ಊಟ ಬೇಡ, ಹೊಟ್ಟೆ ಸುಧಾರಿಸಬೇಕು.

7. ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಬರಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ.

ನಮ್ಮಂಥ ಸಸ್ಯಾಹಾರಿ ಮನೆಯವರು ಕೇಳುವ ಪ್ರಶ್ನೆ: ಇಲಿ ಎಲ್ಲಿಡೋದು? ನಾನು ಸೆಕೆಂಡ್ ಹ್ಯಾಂಡ್ ಪುಟ್ಟ ಫ್ರಿಜ್ಜೊಂದನ್ನು ಬಾಲ್ಕನಿಯಲ್ಲಿ ಇಟ್ಟೆ. ಅಮ್ಮನ ಷರತ್ತು ಒಂದೇ ಇತ್ತು, ಆ ಫ್ರಿಜ್ಜು, ಆ ಇಕ್ಕಳ, ಆ ಬಟ್ಟಲು ಅಡುಗೆಮನೆಯ ಹೊಸ್ತಿಲು ದಾಟಬಾರದು. ನ್ಯಾಯವೇ. ಹಾವಿಗೆ ಸೊಪ್ಪು ತಿನ್ನಿಸೋಕೆ ಆಗಲ್ಲ. ಮನೆಗೆ ಇಲಿ ತರೋದು ನಿಮ್ಮಿಂದ, ನಿಮ್ಮ ಮನೆಯವರಿಂದ ಆಗದು ಅಂದ್ರೆ ಹಾವು ತರಬೇಡಿ. ಇದರಲ್ಲಿ ನಾಚಿಕೆಯೇನಿಲ್ಲ.

ಹಾಲಿನ ಮಾತು

ನಾಲ್ಕನೇ ವಾರಕ್ಕೆ ಅಮ್ಮನೇ ಅಂದ್ಲು: "ಒಂದ್ ಬಟ್ಲ ಹಾಲರ ಇಡು ಅದಕ್ಕ." ಪ್ರೀತಿಯಿಂದ ಹೇಳಿದ್ದು. ಆದರೆ ಹಾಲು ಸಸ್ತನಿಗಳ ಆಹಾರ, ಹಾವಿನ ಹೊಟ್ಟೆ ಅದನ್ನು ಅರಗಿಸೋಕೆ ಬಂದದ್ದಲ್ಲ. ಹಾಗಾದ್ರೆ ಪಂಚಮಿಯಲ್ಲಿ ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿಯುತ್ತಲ್ಲ? ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿದ ಹಾವು ಎದುರಿಗೆ ಏನು ಇಟ್ಟರೂ ಕುಡಿಯುತ್ತೆ. ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿ ಹೊಲಿದು ತಂದಿರ್ತಾರೆ. ಬಲವಂತದ ಹಾಲು ಶ್ವಾಸಕೋಶಕ್ಕೆ ಹೋಗಿ ಸಾಯುವುದೂ ಉಂಟು. ಹೈದರಾಬಾದಿನ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯವರು ಅರಣ್ಯ ಇಲಾಖೆಯ ಜೊತೆ ಸೇರಿ ನಾಗರ ಪಂಚಮಿ ಹೊತ್ತಿಗೆ ಇಂಥ ಹಾವುಗಳನ್ನು ಬಿಡಿಸುವ ಕೆಲಸ ಮಾಡುತ್ತಾ ಬಂದಿದ್ದಾರೆ. ಕಲ್ಲಿನ ನಾಗನಿಗೆ ಹಾಲೆರೆಯೋದು ನಮ್ಮ ಹಬ್ಬ, ನಮ್ಮ ನಂಬಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಜೀವಂತ ಹಾವಿಗೆ ಬಟ್ಟಲಲ್ಲಿ ಬೇಕಾದ್ದು ನೀರು. ಅಮ್ಮನಿಗೆ ಇಷ್ಟು ಹೇಳಿದ ಮೇಲೆ ದಿನಾ ಬೆಳಿಗ್ಗೆ ಉಂಡೆಯ ನೀರು ಬದಲಾಯಿಸೋ ಕೆಲಸ ಅವಳೇ ತಗೊಂಡ್ಲು.

ಯಾವಾಗ ಕಾಯಬಾರದು

ಬೆಳೆದ, ಮೈತುಂಬಿದ ಹಾವಾದರೆ ಎರಡು-ಮೂರು ತಿಂಗಳು ಗಾಬರಿಯಿಲ್ಲದೆ ಕಾಯಬಹುದು. ಕೆಲವೇ ತಿಂಗಳ ಮರಿಗೆ ಅಷ್ಟು ದಾಸ್ತಾನಿಲ್ಲ, ನಾಲ್ಕೈದು ವಾರ ಆದರೆ ತಿಳಿದವರನ್ನು ಕೇಳಿ. ತೂಕ ಶೇ. 10ಕ್ಕಿಂತ ಹೆಚ್ಚು ಇಳಿದರೆ, ಬೆನ್ನೆಲುಬು ಚೂಪಾಗಿ ಕಂಡರೆ, ಉಸಿರಾಡುವಾಗ ಸಿಳ್ಳೆಯಂಥ ಸದ್ದು ಬಂದರೆ, ಬಾಯಲ್ಲಿ ನೊರೆ ಅಥವಾ ಕೀವು ಕಂಡರೆ, ಪೊರೆಯ ಸಂದಿಯಲ್ಲಿ ಕರಿ ಚುಕ್ಕೆಯಂಥ ಹುಳ ಓಡಾಡಿದರೆ, ದಿನ ಎಣಿಸದೆ ಡಾಕ್ಟರ ಹತ್ರ ಹೋಗಿ. ಹಾವು ನೋಡಬಲ್ಲ ಪಶುವೈದ್ಯರು ಕಡಿಮೆ. ಹಾವು ತರುವ ಮುಂಚೆಯೇ ಒಬ್ಬರನ್ನು ಹುಡುಕಿ ಮಾತಾಡಿಟ್ಟುಕೊಳ್ಳಿ.

ಬಾಯಿ ಬಿಡಿಸಿ ತುರುಕುವ ವಿಡಿಯೋಗಳು ಬೇಕಾದಷ್ಟಿವೆ. ಐವತ್ತನೇ ದಿನ ನನಗೂ ಆಸೆ ಆಯ್ತು, ಸುಳ್ಳು ಹೇಳಲ್ಲ. ಅದು ಕೊನೆಯ ಉಪಾಯ, ವೈದ್ಯರ ಕೈಯಿಂದ ಆಗಬೇಕಾದ್ದು. ಬಾಯಿಯ ಒಳಗಿನ ತೆಳು ಚರ್ಮ ಹರಿದರೆ ಸೋಂಕು. ಜೊತೆಗೆ ಊಟ ಅಂದ್ರೇನೇ ಹಿಂಸೆ ಅಂತ ಹಾವು ಕಲಿತುಬಿಡುತ್ತೆ. ಕ್ಯಾಲೆಂಡರಿನ ಮೇಲೆ ಬರೆದಿದ್ದ 1062 ಅನ್ನೋ ಸಂಖ್ಯೆ ಆವತ್ತು ನನ್ನ ಕೈ ಹಿಡಿದು ನಿಲ್ಲಿಸ್ತು.

ತರುವ ಮುಂಚೆ ಒಂದು ಲೆಕ್ಕ

ಬಾಲ್ ಪೈಥಾನ್ ಸಾಕಿದರೆ 20-30 ವರ್ಷ ಬದುಕುತ್ತೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ ಏಳು ಮೊಟ್ಟೆ ಇಟ್ಟು ಸುದ್ದಿಯಾಗಿತ್ತು. ನಾವೋ, ಮೂರು ವರ್ಷಕ್ಕೊಂದು ಕಂಪನಿ, ಐದು ವರ್ಷಕ್ಕೊಂದು ಊರು. ಇವತ್ತು ಮಾದಾಪುರ, ನಾಳೆ ಬೆಂಗಳೂರು, ನಾಡಿದ್ದು ವೀಸಾ ಬಂದರೆ ಎಲ್ಲಿಯೋ. ಪ್ರತಿ ಸಲ ಮನೆ ಬದಲಾದಾಗಲೂ ಹಾವು ಮತ್ತೆ ಊಟ ಬಿಡಬಹುದು, ಈ ಎಲ್ಲ ಲೆಕ್ಕ ಮತ್ತೆ ಮೊದಲಿಂದ. ಬೇಜಾರಾಯ್ತು ಅಂತ ಕೆರೆ ದಂಡೆಗೋ ಕಾಡಿಗೋ ಬಿಡೋ ಹಾಗಿಲ್ಲ. ಸಾಕಿದವರಿಂದ ತಪ್ಪಿಸಿಕೊಂಡ, ಸಾಕಿದವರೇ ಬಿಟ್ಟ ಬರ್ಮೀಸ್ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಅಲ್ಲಿನ ಪ್ರಾಣಿಗಳನ್ನು ತಿಂದು ಬರಿದು ಮಾಡುತ್ತಿವೆ, ಅಮೆರಿಕದ ಸರ್ಕಾರಕ್ಕೇ ಅದು ತಲೆನೋವು.

ನನ್ನ ಗೆಳೆಯ ಸರಿಯಾದ ದಾರಿ ಹಿಡಿದ. ಹೊರಡುವ ನಾಲ್ಕು ತಿಂಗಳ ಮುಂಚೆಯೇ ಕೈ ಬದಲಾಯಿಸೋ ಮಾತು ಶುರು ಮಾಡಿದ, ಕಾಗದ ಮಾಡಿಸಿದ, ಪೆಟ್ಟಿಗೆ ಸಮೇತ ಕೊಟ್ಟ, ಫೋನ್ ಎತ್ತಿದ. ನೀವು ಯಾರಿಗಾದರೂ ಹಾವು ಕೊಡುವವರಾದರೆ ಚೀಟಿಯಲ್ಲಿ ಇಷ್ಟು ಬರೆಯಿರಿ: ಸುಂಡಿಲಿಯೋ ದೊಡ್ಡ ಇಲಿಯೋ, ಎಷ್ಟು ಗ್ರಾಂ, ಕರಗಿಸಿದ್ದೋ ಹೊಸದೋ, ಯಾವ ಹೊತ್ತಿಗೆ, ಕೊನೆಯ ಊಟದ ತಾರೀಖು, ಕೊನೆಯ ತೂಕ. ತಗೊಳ್ಳುವವರಾದರೆ ಕೇಳಿ ಬರೆಸಿಕೊಳ್ಳಿ, ಆಗಿದ್ದರೆ ಒಂದು ಊಟದ ವಿಡಿಯೋ ಇಸ್ಕೊಳ್ಳಿ.

ಮುಂದಿನ ಮಾತಿನಲ್ಲಿ ಏಪ್ರಿಲ್-ಮೇ ತಿಂಗಳ ಹೈದರಾಬಾದ್ ಬಿಸಿಲಿನಲ್ಲಿ ಪೆಟ್ಟಿಗೆಯ ತೇವ ಕಾಪಾಡೋದು ಹೇಗೆ, ಕರೆಂಟು ಹೋದರೆ ಏನು ಮಾಡೋದು ಅನ್ನೋದನ್ನ ನೋಡೋಣ.